ಕಾನೂನು ಕಟ್ಟೆ: ಹುಡುಗರು ಹೇಳಿದ ಕಾನೂನನ್ನು ನಂಬಬಹುದೇ?

ವಕೀಲರ ಶುಲ್ಕ ಭರಿಸಲಾಗದವರು ಮೊದಲು ಹತ್ತಿರದ ಕಾನೂನು ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಡೆಸುವ ಉಚಿತ ನೆರವು ಕೇಂದ್ರಕ್ಕೆ ಹೋಗಿ ಕಾಗದಪತ್ರ ತೋರಿಸಲಿ ಎಂದು ಕಳೆದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಇಡೀ ಅಂಕಣಕ್ಕೂ ಬಂದಿರಲಿಲ್ಲ. ನಂಬಿದವರು, ನಂಬದವರು, ಸಿಟ್ಟಾದ ವಕೀಲರು, ಕಂಗಾಲಾದ ವಿದ್ಯಾರ್ಥಿಗಳು, ಎಲ್ಲರೂ ಬರೆದಿದ್ದೀರಿ. ನಿವೃತ್ತಿಯಾಗುವವರೆಗೂ ಇಂಥದೊಂದು ಕೇಂದ್ರದ ಮೇಲ್ವಿಚಾರಣೆ ನನ್ನ ಪಾಲಿಗಿತ್ತು. ಹಾಗಾಗಿ ಈ ಸಲದ ಪುಟಗಳು ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ನನ್ನ ಇಬ್ಬರು ಅಣ್ಣಂದಿರು ವಂಶವೃಕ್ಷದಲ್ಲಿ ನನ್ನ ಹೆಸರನ್ನು ಬಿಟ್ಟು, ಜಮೀನಿನ ಪಹಣಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಟ್ಟಿದ್ದಾರೆ. ಶಿಬಿರಕ್ಕೆಂದು ನಮ್ಮ ಊರಿಗೆ ಬಂದಿದ್ದ ಲಾ ಕಾಲೇಜಿನ ಹುಡುಗರು, ‘ನಿಮಗೂ ಪಾಲಿದೆ, ತಕರಾರು ಅರ್ಜಿ ಕೊಡಿ’ ಎಂದರು. ಅಣ್ಣಂದಿರು, ‘ಮೀಸೆ ಮೂಡದವರ ಮಾತು ಕೇಳಿಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತೀಯಾ’ ಎಂದು ನಗುತ್ತಾರೆ. ಆ ಹುಡುಗರ ಮಾತನ್ನು ನಂಬಬಹುದೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಮೀಸೆಗೂ ಉತ್ತರಾಧಿಕಾರಕ್ಕೂ ಸಂಬಂಧವಿಲ್ಲ ತಾಯಿ. ಹುಡುಗರು ಹೇಳಿದ ಮೊದಲ ಹೆಜ್ಜೆ ಸರಿಯಾಗಿಯೇ ಇದೆ. ಆದರೆ ಶಿಬಿರದ ಗದ್ದಲದಲ್ಲಿ ನಿಂತ ನಿಲುವಿನಲ್ಲೇ ಹೇಳಿದ ಮಾತದು. ಅದನ್ನೇ ಪೂರ್ತಿ ಸಲಹೆ ಎಂದುಕೊಳ್ಳಬೇಡಿ.

ನೀವು ಹಿಂದೂ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟವರು ಎಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಜಮೀನು ಪಿತ್ರಾರ್ಜಿತವಾಗಿದ್ದರೆ, 2005ರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ತಾಯಿ, ಅಣ್ಣಂದಿರು, ನೀವು ಎಲ್ಲರೂ ಸಮಪಾಲುದಾರರು. ಎರಡು ದಾರಿಯಲ್ಲಿ ಯಾವುದರಲ್ಲಿ ಹೋದರೂ ನಿಮ್ಮನ್ನು ವಂಶವೃಕ್ಷದಿಂದ ಅಳಿಸಲು ಬರುವುದಿಲ್ಲ.

ಆದರೆ ಯಾರೇ ಆಗಲಿ, ಅರ್ಜಿ ಬರೆದುಕೊಡುವ ಮುನ್ನ ನಿಮ್ಮನ್ನು ಕೇಳಲೇಬೇಕಾದ ಮಾತುಗಳಿವೆ. ಹಕ್ಕು ಬಿಡುಗಡೆ ಪತ್ರಕ್ಕೆ ನೀವು ಎಂದಾದರೂ ಸಹಿ ಹಾಕಿದ್ದೀರಾ? ‘ಬ್ಯಾಂಕಿನ ಕೆಲಸಕ್ಕೆ ಬೇಕು’ ಎಂದು ಹೇಳಿ ಉಪನೋಂದಣಾಧಿಕಾರಿ ಕಚೇರಿಗೆ ಕರೆದುಕೊಂಡು ಹೋಗಿದ್ದರೇ? ಆ ತಿದ್ದುಪಡಿ ಗಡಿಯಾಗಿಟ್ಟುಕೊಂಡ 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಾಯಿತ ವಿಭಾಗ ಪತ್ರವಾಗಿತ್ತೇ? ಈ ಮೂರಕ್ಕೆ ಉತ್ತರ ಸಿಗದೆ ಬರೆದ ತಕರಾರು ಅರ್ಜಿ ಮೊದಲ ವಿಚಾರಣೆಯಲ್ಲೇ ಮುಗ್ಗರಿಸುತ್ತದೆ. ಸಾರ್ವಜನಿಕವಾಗಿ, ಅಕ್ಕಪಕ್ಕದವರೆಲ್ಲ ಕಿವಿಗೊಟ್ಟು ನಿಂತಿರುವಾಗ ಇಂಥ ಪ್ರಶ್ನೆಗಳನ್ನು ಕೇಳಲೂ ಆಗದು, ನೀವು ಉತ್ತರಿಸಲೂ ಆಗದು. ಆದ್ದರಿಂದ ಕಾಲೇಜಿನ ಕೇಂದ್ರಕ್ಕೇ ಹೋಗಿ ಕುಳಿತು ಮಾತನಾಡಿ. ಪಹಣಿ, ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ವಹಿಯ ನಕಲು, ಅಣ್ಣಂದಿರು ಕೊಟ್ಟಿರುವ ವಂಶವೃಕ್ಷದ ನಕಲು, ತಂದೆಯ ಮರಣ ಪ್ರಮಾಣಪತ್ರ ಇವಿಷ್ಟನ್ನು ಜೊತೆಗೆ ಒಯ್ಯಿರಿ. ನೀವು ಮಗಳೆಂಬುದಕ್ಕೆ ಶಾಲೆಯ ವರ್ಗಾವಣೆ ಪತ್ರವಾದರೂ ಇರಲಿ.

ಮ್ಯುಟೇಶನ್ ಇನ್ನೂ ಆಗಿಲ್ಲವಾದರೆ ತಕರಾರು ಅರ್ಜಿ ತಡಮಾಡದೆ ಹೋಗಬೇಕು, ಅರ್ಜಿಗೆ ಸ್ವೀಕೃತಿ ಪಡೆಯಬೇಕು. ಈಗಾಗಲೇ ಆಗಿಬಿಟ್ಟಿದ್ದರೆ ಉಪವಿಭಾಗಾಧಿಕಾರಿಗಳ ಮುಂದೆ ಮೇಲ್ಮನವಿ. ಇಷ್ಟಾದರೂ ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಅಣ್ಣಂದಿರು ಒಡೆಯರಾಗುವುದಿಲ್ಲ. ಅದು ಕಂದಾಯದ ದಾಖಲೆ, ಒಡೆತನವನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಅವರು ಪಾಲಿಗೆ ಒಪ್ಪದಿದ್ದರೆ ವಿಭಾಗ ದಾವೆ ಹೂಡಬೇಕಾಗುತ್ತದೆ. ಅಲ್ಲಿಗೆ ವಿದ್ಯಾರ್ಥಿಗಳ ಕೆಲಸ ಮುಗಿಯಿತು, ವಕೀಲರೇ ಬೇಕು. ಉಚಿತ ಕಾನೂನು ನೆರವು ಒದಗಿಸುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಹಾಕಿದರೆ ಪ್ಯಾನಲ್ ವಕೀಲರನ್ನು, ಅಂದರೆ ತಮ್ಮ ಪಟ್ಟಿಯಲ್ಲಿರುವ ವಕೀಲರನ್ನು ಕೊಡುತ್ತಾರೆ. ನ್ಯಾಯಾಲಯ ಶುಲ್ಕವೂ ಆ ನೆರವಿನೊಳಗೇ ಸೇರುತ್ತದೆ. ಆ ಅರ್ಜಿಯನ್ನು ಬರೆಯುವುದು, ಕಾಗದಗಳನ್ನು ಜೋಡಿಸಿಕೊಡುವುದು, ನಿಮ್ಮೊಂದಿಗೆ ಸಮಿತಿಯ ಕಚೇರಿಯವರೆಗೆ ಬರುವುದು, ಇವೆಲ್ಲ ಅದೇ ಹುಡುಗರು ಚೆನ್ನಾಗಿ ಮಾಡಬಲ್ಲ ಕೆಲಸ.

ಪ್ರಶ್ನೆ: ನಾನು ವಕೀಲ. ವಕೀಲಿಕೆಯ ಸನ್ನದು ಇಲ್ಲದವರು ಕಾನೂನು ಸಲಹೆ ಕೊಡುವುದು ಅಡ್ವೊಕೇಟ್ಸ್ ಕಾಯಿದೆಯ ಉಲ್ಲಂಘನೆಯಲ್ಲವೇ? ನಿಮ್ಮಂಥವರು ಇದನ್ನು ಪ್ರೋತ್ಸಾಹಿಸಿದರೆ ಕಿರಿಯ ವಕೀಲರ ಹೊಟ್ಟೆಪಾಡು ಏನಾಗಬೇಕು?
(ದಾವಣಗೆರೆಯ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯ ಮೊದಲರ್ಧವನ್ನು ನಾನು ಗೌರವದಿಂದಲೇ ತೆಗೆದುಕೊಳ್ಳುತ್ತೇನೆ. 1961ರ ಕಾಯಿದೆಯ 29 ಮತ್ತು 33ನೇ ಸೆಕ್ಷನ್‌ಗಳ ಪ್ರಕಾರ ವಕೀಲಿಕೆ ನಡೆಸುವ ಅಧಿಕಾರ ವಕೀಲರಿಗೆ ಮಾತ್ರ. ನ್ಯಾಯಾಲಯದಲ್ಲಿ ವಾದಿಸುವುದಷ್ಟೇ ಅಲ್ಲ, ಅಭಿಪ್ರಾಯ ಕೊಡುವುದು, ದಸ್ತಾವೇಜು ಬರೆಯುವುದು ಕೂಡ ವಕೀಲಿಕೆಯೇ ಎಂದು 2018ರಲ್ಲಿ ಎ. ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದಲೇ ಈ ಕೇಂದ್ರಗಳ ವಿದ್ಯಾರ್ಥಿಗಳು ‘ಮೇಲ್ವಿಚಾರಣೆಯಲ್ಲಿ’ ಕೆಲಸ ಮಾಡಬೇಕೆಂಬುದು ಅಲಂಕಾರದ ಮಾತಲ್ಲ. ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಸಲಹೆ ಕೊಡುವಂತಿಲ್ಲ, ನೋಟಿಸ್ ಕಳಿಸುವಂತಿಲ್ಲ, ವಕಾಲತ್ತು ಹಾಕುವ ಪ್ರಶ್ನೆಯೇ ಇಲ್ಲ, ಹಣವನ್ನಂತೂ ಮುಟ್ಟಬಾರದು.

ಆದರೆ ಈ ಕೇಂದ್ರಗಳನ್ನು ತೆರೆಯಲು ಹೇಳಿದವರು ಯಾರು? ನಿಮಗೆ ಸನ್ನದು ಕೊಡುವ ವ್ಯವಸ್ಥೆಯ ತುದಿಯಲ್ಲಿರುವ ಭಾರತೀಯ ವಕೀಲರ ಪರಿಷತ್ತೇ. 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಪ್ರತಿಯೊಂದು ಕಾನೂನು ಕಾಲೇಜೂ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಅಂತಿಮ ವರ್ಷದ ವಿದ್ಯಾರ್ಥಿಗಳಿಂದ, ಕಾನೂನು ಸೇವೆಗಳ ಪ್ರಾಧಿಕಾರದ ಸಹಕಾರ ಮತ್ತು ಸ್ವಯಂಸೇವಾ ವಕೀಲರ ಪಟ್ಟಿಯೊಡನೆ ಕಾನೂನು ನೆರವು ಕೇಂದ್ರವನ್ನು ನಡೆಸಬೇಕೆಂದಿದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವೂ 2011ರ ನಿಯಮಾವಳಿಯಲ್ಲಿ ಕಾಲೇಜುಗಳ ಕೇಂದ್ರಗಳಿಗೆ ಜಾಗ ಕೊಟ್ಟಿದೆ.

ಇನ್ನು ಹೊಟ್ಟೆಪಾಡಿನ ಮಾತು. ವಿಧವಾ ವೇತನ ನಿಂತುಹೋದವರು, ಪಡಿತರ ಚೀಟಿ ರದ್ದಾದವರು, ಬಾಡಿಗೆ ಮುಂಗಡವನ್ನು ಮನೆ ಮಾಲೀಕ ಹಿಂದಿರುಗಿಸದೆ ಅಲೆಯುವವರು, ಇವರು ನಿಮ್ಮ ಕಚೇರಿಯ ಮೆಟ್ಟಿಲನ್ನು ಎಂದಾದರೂ ಹತ್ತಿದ್ದಾರೆಯೇ? ಅವರು ನಿಮ್ಮಲ್ಲಿಗೆ ಬರುತ್ತಿರಲಿಲ್ಲ. ಸುಮ್ಮನಿರುತ್ತಿದ್ದರು, ಇಲ್ಲವೇ ತಾಲ್ಲೂಕು ಕಚೇರಿಯ ಮುಂದಿನ ಮಧ್ಯವರ್ತಿಯ ಕೈಗೆ ಸಿಗುತ್ತಿದ್ದರು. ಕೇಂದ್ರದಿಂದ ಪ್ಯಾನಲ್ ವಕೀಲರಿಗೆ ಹೋಗುವ ಕಡತ ಎಷ್ಟು ಅಚ್ಚುಕಟ್ಟಾಗಿರುತ್ತದೆಂದು ಆ ವಕೀಲರನ್ನೇ ಕೇಳಿ. ನಿಮಗೊಂದು ಆಹ್ವಾನವೂ ಇದೆ: ವಾರದಲ್ಲಿ ಒಂದು ಮಧ್ಯಾಹ್ನ ನಿಮ್ಮೂರಿನ ಕಾಲೇಜಿನ ಕೇಂದ್ರದಲ್ಲಿ ಬಂದು ಕುಳಿತುಕೊಳ್ಳಿ. ನಿಮ್ಮಷ್ಟು ಕಟ್ಟುನಿಟ್ಟಿನ ಮನುಷ್ಯರೇ ಅಲ್ಲಿಗೆ ಬೇಕಾಗಿರುವುದು.

ಪ್ರಶ್ನೆ: ಮೇಡಂ, ನಾನು ಐದು ವರ್ಷದ ಕೋರ್ಸಿನ ಅಂತಿಮ ವರ್ಷದ ವಿದ್ಯಾರ್ಥಿನಿ. ಕೇಂದ್ರಕ್ಕೆ ಬಂದವರು ಎದುರು ಕುಳಿತು ಪ್ರಶ್ನೆ ಕೇಳಿದರೆ ತರಗತಿಯಲ್ಲಿ ಓದಿದ್ದೆಲ್ಲ ಮರೆತುಹೋಗುತ್ತದೆ. ‘ಗೊತ್ತಿಲ್ಲ’ ಎಂದರೆ ನಂಬಿಕೆ ಕಳೆದುಕೊಳ್ಳುತ್ತಾರೆ. ಕೆಲವರು ಅಳಲು ಶುರು ಮಾಡುತ್ತಾರೆ. ಆಗ ಏನು ಮಾಡಬೇಕು?
(ಮೈಸೂರಿನ ಓದುಗರು)

ಉತ್ತರ: ನನ್ನ ವಿದ್ಯಾರ್ಥಿನಿಗೆ ಹೇಳುವಂತೆ ಏಕವಚನದಲ್ಲೇ ಬರೆಯುತ್ತೇನೆ, ಬೇಸರಿಸಬೇಡ.

ನಿನ್ನೆದುರು ಕುಳಿತವರು ನಿನ್ನ ಪರೀಕ್ಷಕರಲ್ಲ. ಉತ್ತರ ನಿನ್ನ ನಾಲಗೆಯ ತುದಿಯಲ್ಲಿರಬೇಕು ಎಂಬ ಭ್ರಮೆಯನ್ನು ಮೊದಲು ಬಿಡು. ‘ನೀವು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ. ನಮ್ಮ ಅಧ್ಯಾಪಕರು, ವಕೀಲರು ನೋಡಿದ ಮೇಲೆ ಗುರುವಾರ ಉತ್ತರ ಹೇಳುತ್ತೇವೆ’ ಎಂದರೆ ಯಾರೂ ನಿನ್ನನ್ನು ಕೀಳಾಗಿ ಕಾಣುವುದಿಲ್ಲ. ಗುರುವಾರ ಉತ್ತರ ಹೇಳದಿದ್ದರೆ ಮಾತ್ರ ಖಂಡಿತ ಕಾಣುತ್ತಾರೆ. ನಮ್ಮ ಕೇಂದ್ರದಲ್ಲಿ ಮೊದಲ ಭೇಟಿಯ ದಿನ ಸಲಹೆ ಕೊಡುವುದೇ ನಿಷಿದ್ಧವಾಗಿತ್ತು. ಅಂದು ಕೇಳಬೇಕು, ಬರೆದುಕೊಳ್ಳಬೇಕು, ಕಾಗದ ನೋಡಬೇಕು, ಅಷ್ಟೇ. ಗಡುವು ಮೀರುವ ಅಪಾಯವಿದ್ದರೆ ಮಾತ್ರ ವಿನಾಯಿತಿ.

ಆ ವಿನಾಯಿತಿ ಯಾಕೆ ಮುಖ್ಯವೆಂದು ಒಂದು ಸಂಗತಿಯಿಂದ ಹೇಳುತ್ತೇನೆ. ಒಬ್ಬ ಹಿರಿಯರು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತುಂಬಿಕೊಂಡು ಬಂದಿದ್ದರು. ಪರಿಚಿತನಿಗೆ ಸಾಲ ಕೊಟ್ಟದ್ದು, ಅವನು ಸತಾಯಿಸಿದ್ದು, ಅವನ ತಂದೆ ಎಂಥ ಸಜ್ಜನರಾಗಿದ್ದರೆಂಬುದು, ಹೀಗೆ ಕತೆ ಸಾಗಿತ್ತು. ಕೇಳುತ್ತಿದ್ದ ವಿದ್ಯಾರ್ಥಿನಿ ನಡುವೆ ಬಾಯಿ ಹಾಕಲಿಲ್ಲ. ಹೂಂಗುಟ್ಟುತ್ತಲೇ ಕವರಿನ ಕಾಗದಗಳನ್ನು ಒಂದೊಂದಾಗಿ ತೆಗೆದು ತಾರೀಖಿನ ಪ್ರಕಾರ ಮೇಜಿನ ಮೇಲೆ ಸಾಲಾಗಿ ಹರಡಿದಳು. ವಿದ್ಯುತ್ ಬಿಲ್ಲು, ಹಳೆಯ ಲಗ್ನಪತ್ರಿಕೆ, ಆಸ್ಪತ್ರೆಯ ಚೀಟಿಗಳ ನಡುವೆ ನಾಲ್ಕಾಗಿ ಮಡಚಿದ ಬ್ಯಾಂಕಿನ ಚೀಟಿಯೊಂದು ಸಿಕ್ಕಿತು: ಖಾತೆಯಲ್ಲಿ ಸಾಕಷ್ಟು ಹಣವಿಲ್ಲದೆ ಚೆಕ್ ಹಿಂದಿರುಗಿದೆ. ಹಿರಿಯರು ಅದರ ಬಗ್ಗೆ ಮಾತನ್ನೇ ಎತ್ತಿರಲಿಲ್ಲ, ಅವರ ಪಾಲಿಗೆ ಅದು ಇನ್ನೊಂದು ಸೋಲಿನ ಚೀಟಿ. ಅವಳು ಚೀಟಿಯ ತಾರೀಖನ್ನು ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ಎದ್ದು ಸೀದಾ ನನ್ನ ಕೋಣೆಗೆ ಬಂದಳು.

ಚೆಕ್ ಅಮಾನ್ಯವಾದ ವಿಷಯ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನದ ಅವಕಾಶ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಹಿರಿಯರ ನೋಟಿಸ್ ಗಡುವು ಅದೇ ವಾರ ಮುಗಿಯುವುದರಲ್ಲಿತ್ತು. ಅಂದೇ ಸಂಜೆ ಪ್ಯಾನಲ್ ವಕೀಲರು ಕರಡನ್ನು ತಿದ್ದಿ ಸಹಿ ಹಾಕಿದರು, ಮರುದಿನ ಬೆಳಿಗ್ಗೆ ನೋಟಿಸ್ ಅಂಚೆಗೆ ಹೋಯಿತು. ಗಡುವು ತಪ್ಪಿದ್ದರೂ ಎಲ್ಲ ಮುಗಿದುಹೋಯಿತೆಂದಲ್ಲ: ಚೆಕ್ಕಿನ ಮೂರು ತಿಂಗಳ ಅವಧಿ ಉಳಿದಿದ್ದರೆ ಮತ್ತೆ ಬ್ಯಾಂಕಿಗೆ ಹಾಕಬಹುದು, ಸಾಲ ವಸೂಲಿಗೆ ಸಿವಿಲ್ ದಾವೆಯೂ ಇದೆ, ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಆದರೆ ಅವು ಸುತ್ತುದಾರಿ.

ಇಲ್ಲಿ ಆ ಹುಡುಗಿ ಕಾನೂನಿನ ಪಾಂಡಿತ್ಯವನ್ನೇನೂ ತೋರಿಸಲಿಲ್ಲ, ಗಮನಿಸು. ವಕೀಲರ ಕಚೇರಿಯಲ್ಲಿ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಮಾತಿಗೆ ಅವಳು ಒಂದು ಮಧ್ಯಾಹ್ನ ಕೊಟ್ಟಳು. ವಿದ್ಯಾರ್ಥಿಗಳ ಕೈಯಲ್ಲಿ ಇರುವ ದೊಡ್ಡ ಸಂಪತ್ತು ಸಮಯ. ಅದನ್ನು ಜಿಪುಣತನವಿಲ್ಲದೆ ಖರ್ಚು ಮಾಡು. ಪ್ರತಿ ಕಡತದ ಮೇಲ್ಭಾಗದಲ್ಲಿ ತಾರೀಖುಗಳ ಒಂದು ಹಾಳೆ ಇರಲಿ: ಏನಾಯಿತು, ಯಾವಾಗ, ಅದಕ್ಕೆ ಕಾಗದ ಯಾವುದು. ಕಾಗದವಿಲ್ಲದ ಕಡೆ ಹಾಗೆಂದೇ ಬರೆ. ಮೂಲ ದಾಖಲೆಯನ್ನು ಎಂದೂ ಇಟ್ಟುಕೊಳ್ಳಬೇಡ; ಜೆರಾಕ್ಸ್ ಪಡೆದು ಮೂಲವನ್ನು ಅವರ ಕೈಗೇ ಕೊಡು.

ಅಳುವವರ ಬಗ್ಗೆ ಕೇಳಿದ್ದೀಯ. ಅಳಲು ಬಿಡು. ಲೇಖನಿ ಕೆಳಗಿಟ್ಟು, ನೀರಿನ ಲೋಟವನ್ನು ಅವರತ್ತ ಸರಿಸಿ, ಸುಮ್ಮನೆ ಕುಳಿತಿರು. ‘ಅಳಬೇಡಿ, ಎಲ್ಲ ಸರಿಹೋಗುತ್ತದೆ’ ಎನ್ನಬೇಡ. ಸರಿಹೋಗುತ್ತದೆಂದು ನಿನಗೇನು ಗೊತ್ತು? ‘ಕೇಸು ಗೆದ್ದೇ ಗೆಲ್ಲುತ್ತೀರಿ’ ಎಂಬುದಂತೂ ಹುರಿದುಂಬಿಸುವ ಮಾತಲ್ಲ, ಮೋಸದ ಮಾತು. ಹೊಡೆತ ತಿಂದು ಬಂದ ಹೆಣ್ಣುಮಗಳಾದರೆ ಮೊದಲ ಪ್ರಶ್ನೆ ‘ಇಂದು ರಾತ್ರಿ ಎಲ್ಲಿರುತ್ತೀರಿ’ ಎಂಬುದೇ ಆಗಬೇಕು. ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಡಿ ಸಂರಕ್ಷಣಾಧಿಕಾರಿ ಇದ್ದಾರೆ, ಮೇಲ್ವಿಚಾರಕರ ಮೂಲಕ ಅವರಿಗೆ ಅಂದೇ ಫೋನ್ ಹೋಗಬೇಕು. ನಿಯಮ, ಸೆಕ್ಷನ್ ಎಲ್ಲ ಆಮೇಲೆ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ, ಸಂಬಳ ಬರುತ್ತದೆ. ಉಚಿತ ಕಾನೂನು ನೆರವು ಕೇಳಲು ಸಂಕೋಚ. ನನಗೆ ಅರ್ಹತೆ ಇದೆಯೇ?
(ಕೊಪ್ಪಳದ ಓದುಗರು)

ಉತ್ತರ: ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಸೆಕ್ಷನ್‌ನಲ್ಲಿ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆ ಅಥವಾ ಬಿಟ್ಟಿ ಚಾಕರಿಗೆ ಬಲಿಯಾದವರು, ನೆರೆ, ಬರ, ಭೂಕಂಪ, ಜಾತಿ ದೌರ್ಜನ್ಯದ ಸಂತ್ರಸ್ತರು, ಬಂಧನದಲ್ಲಿರುವವರು ಇವರಿಗೂ ಹಾಗೆಯೇ. ಉಳಿದವರಿಗಷ್ಟೇ ಆದಾಯ ಮಿತಿ. ಅದಕ್ಕೂ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆಯಬೇಕಿಲ್ಲ, ಸ್ವಂತ ಅಫಿಡವಿಟ್ಟನ್ನೇ ಸಾಕೆಂದು ಪರಿಗಣಿಸಲು 13ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸಂವಿಧಾನದ 39ಎ ವಿಧಿ ಹೇಳಿದ ಸಮಾನ ನ್ಯಾಯವಿದು. ಸಂಕೋಚ ಬಿಡಿ.

ಪ್ರಶ್ನೆ: ಮಗ ನೋಡಿಕೊಳ್ಳುತ್ತಾನೆಂದು ಮನೆಯನ್ನು ಅವನ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಈಗ ಊಟಕ್ಕೂ ಕಷ್ಟ. ಕಾಲೇಜಿನ ಕೇಂದ್ರದವರು ‘ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ’ ಎಂದರು, ಪರಿಚಯದ ವಕೀಲರು ‘ಸಿವಿಲ್ ಕೋರ್ಟಿಗೆ ಹೋಗಬೇಕು’ ಎನ್ನುತ್ತಾರೆ. ಯಾರು ಹೇಳಿದ್ದು ಸರಿ? ನನಗೆ 71 ವರ್ಷ.
(ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ಹಿರಿಯರೇ, ದಾನಪತ್ರವನ್ನು ಓದದೆ ಯಾರು ಸರಿಯೆಂದು ಹೇಳಲಾರೆ, ಅವರಿಬ್ಬರಲ್ಲಿ ಅದನ್ನು ಓದಿದವರು ಯಾರೆಂದು ನೀವು ಬರೆದಿಲ್ಲ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23ನೇ ಸೆಕ್ಷನ್ ಪ್ರಕಾರ, ಮೂಲ ಸೌಕರ್ಯ ಮತ್ತು ಆರೈಕೆ ಒದಗಿಸಬೇಕೆಂಬ ಷರತ್ತಿನೊಂದಿಗೆ ಆಸ್ತಿ ಕೊಟ್ಟು, ಪಡೆದವರು ಆ ಷರತ್ತನ್ನು ಮುರಿದರೆ ಆ ವರ್ಗಾವಣೆಯನ್ನು ನ್ಯಾಯಮಂಡಳಿ ಅನೂರ್ಜಿತವೆಂದು ಘೋಷಿಸಬಹುದು. ಕರ್ನಾಟಕದಲ್ಲಿ ಆ ಮಂಡಳಿಯ ಮುಖ್ಯಸ್ಥರು ಉಪವಿಭಾಗಾಧಿಕಾರಿ. ಷರತ್ತು ಇತ್ತೆಂಬುದು ಸಾಬೀತಾಗಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಬಿಗಿಯಾಗಿ ಹೇಳಿತು. 2025ರ ಆರಂಭದಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಇದು ಹಿರಿಯರ ರಕ್ಷಣೆಗೆಂದು ಬಂದ ಕಾಯಿದೆ, ಉದಾರವಾಗಿ ಅರ್ಥೈಸಬೇಕು ಎಂದಿತು. ಅಲ್ಲಿ ಮಗ ನೋಡಿಕೊಳ್ಳುವುದಾಗಿ ಬರೆದುಕೊಟ್ಟ ಪ್ರತ್ಯೇಕ ಪತ್ರವೊಂದಿತ್ತು. ಆದ್ದರಿಂದ ನಿಮ್ಮ ದಾನಪತ್ರದಲ್ಲಿ ‘ಜೀವಿತಾವಧಿ ನೋಡಿಕೊಳ್ಳತಕ್ಕದ್ದು’ ಎಂಬಂಥ ಸಾಲಿದೆಯೇ, ಇಲ್ಲವಾದರೆ ಮಗ ಬೇರೇನಾದರೂ ಬರೆದುಕೊಟ್ಟಿದ್ದಾನೆಯೇ ನೋಡಬೇಕು. ಒಂದು ಸಾಲೂ ಇಲ್ಲವಾದರೆ ವಕೀಲರ ಮಾತಿಗೆ ತೂಕವಿದೆ.

ಊಟದ ಪ್ರಶ್ನೆಯನ್ನು ಮನೆಯ ಪ್ರಶ್ನೆಯ ಜೊತೆ ಗಂಟು ಹಾಕಬೇಡಿ. ದಾನಪತ್ರದಲ್ಲಿ ಏನೇ ಇರಲಿ, ಮಗನಿಂದ ಮಾಸಿಕ ಜೀವನಾಂಶ ಕೇಳುವ ಹಕ್ಕು ಇದೇ ಕಾಯಿದೆಯಲ್ಲಿ ನಿಮಗಿದೆ. ನೋಟಿಸ್ ಜಾರಿಯಾದ 90 ದಿನದೊಳಗೆ ಅರ್ಜಿ ಇತ್ಯರ್ಥವಾಗಬೇಕೆಂದು ಕಾಯಿದೆ ಹೇಳುತ್ತದೆ, ಅನಿವಾರ್ಯವಾದರೆ ಇನ್ನು 30 ದಿನ ಮಾತ್ರ. ಈ ಅರ್ಜಿಯನ್ನು ನಾಳೆಯೇ ಕೊಡಬಹುದು.

ವಿದ್ಯಾರ್ಥಿಗಳು ನಿಜಕ್ಕೂ ಹೇಳಿ ಮಾಡಿಸಿದಂತೆ ಒದಗುವ ಜಾಗವಿದು. ಈ ಮಂಡಳಿಯ ಮುಂದೆ ವಕೀಲರ ಮೂಲಕ ಹಾಜರಾಗುವಂತಿಲ್ಲ ಎಂದು 17ನೇ ಸೆಕ್ಷನ್‌ನಲ್ಲಿದೆ (ಕೆಲವು ಹೈಕೋರ್ಟುಗಳು ಇದನ್ನು ಒಪ್ಪಿಲ್ಲ). ನೀವೇ ಮಾತನಾಡಬೇಕು. ಹಾಗಾಗಿ ನಿಮ್ಮ ಮಾತಿನಲ್ಲೇ, ನಿಮಗೆ ಅರ್ಥವಾಗುವ ಕನ್ನಡದಲ್ಲೇ ಒಂದೆರಡು ಪುಟದ ಅರ್ಜಿ ಬರೆದುಕೊಡುವಂತೆ ಕೇಂದ್ರದವರನ್ನು ಕೇಳಿ. ‘ಸದರಿ ಅರ್ಜಿದಾರನು ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದರೆ ಹರಿದುಹಾಕಿಸಿ, ಇನ್ನೊಮ್ಮೆ ಬರೆಸಿ.

ಪ್ರಶ್ನೆ: ನಮ್ಮ ಊರು ಚಿಕ್ಕದು. ಆ ಕಾಲೇಜಿನಲ್ಲಿ ನಮ್ಮ ಬೀದಿಯ ಹುಡುಗನೇ ಓದುತ್ತಿದ್ದಾನೆ. ಸಂಸಾರದ ವಿಷಯ ಹೇಳಿಕೊಂಡರೆ ಬೀದಿಗೆ ಬರುವುದಿಲ್ಲವೇ?
(ಹೆಸರು, ಊರು ಬೇಡ ಎಂದವರು)

ಉತ್ತರ: ಭಯ ಸಹಜ. ‘ಆ ವಿದ್ಯಾರ್ಥಿ ಇರುವ ದಿನ ನನ್ನನ್ನು ಕರೆಯಬೇಡಿ, ಅವನಿಗೆ ನನ್ನ ಕಡತ ತೋರಿಸಬೇಡಿ’ ಎಂದು ಮೇಲ್ವಿಚಾರಕರಿಗೆ ನೇರವಾಗಿ ಹೇಳಿ. ಇದನ್ನು ಒಪ್ಪದ ಕೇಂದ್ರಕ್ಕೆ ಹೋಗಲೇಬೇಡಿ. ನಿಮ್ಮ ಎದುರಾಳಿಯ ಹೆಸರನ್ನೂ ಮೊದಲೇ ಹೇಳಿಬಿಡಿ. ಗಂಡ ಸೋಮವಾರ ಬಂದು ಹೋದ ಕೇಂದ್ರಕ್ಕೆ ಹೆಂಡತಿ ಬುಧವಾರ ಬರುವುದುಂಟು. ಆಗ ಇಬ್ಬರಲ್ಲಿ ತಡವಾಗಿ ಬಂದವರ ಕತೆಯನ್ನು ಕೇಳದೆಯೇ ಕಾನೂನು ಸೇವೆಗಳ ಸಮಿತಿಗೆ ಕಳಿಸಬೇಕು.

ಇನ್ನೊಂದು ಎಚ್ಚರಿಕೆ ಇದೆ, ಇದನ್ನು ಕೇಂದ್ರಗಳೇ ನಿಮಗೆ ಹೇಳುವುದು ಅಪರೂಪ. ಕಕ್ಷಿದಾರರು ವಕೀಲರಿಗೆ ಹೇಳಿದ ಗುಟ್ಟಿಗೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ, ಅದು ವಕೀಲರ ಗುಮಾಸ್ತರಿಗೂ ನೌಕರರಿಗೂ ದುಭಾಷಿಗೂ ಅನ್ವಯಿಸುತ್ತದೆ. ಆ ಸಾಲಿನಲ್ಲಿ ‘ವಿದ್ಯಾರ್ಥಿ’ ಎಂಬ ಪದವಿಲ್ಲ. ಆದ್ದರಿಂದ ಪೊಲೀಸ್ ಪ್ರಕರಣದ ಸುಳಿವಿದ್ದರೆ ವಿದ್ಯಾರ್ಥಿಯ ಮುಂದೆ ಬಾಯಿ ಬಿಡಬೇಡಿ, ವಕೀಲರೊಬ್ಬರೊಡನೆಯೇ ಮಾತನಾಡಬೇಕೆಂದು ಹೇಳಿ. ಜೀವನಾಂಶ, ಪಡಿತರ, ಪಿಂಚಣಿಯಂಥ ವಿಷಯಗಳಲ್ಲಿ ಅಷ್ಟು ಹಿಂಜರಿಯಬೇಕಿಲ್ಲ.

ಪ್ರಶ್ನೆ: ನಾನು ಕಾನೂನು ಕಾಲೇಜೊಂದರ ಅಧ್ಯಾಪಕ. ನಮ್ಮಲ್ಲೂ ನೆರವು ಕೇಂದ್ರವಿದೆ, ಫಲಕವಿದೆ, ಉದ್ಘಾಟನೆಯ ಫೋಟೋ ಇದೆ. ಜನ ಬರುವುದಿಲ್ಲ. ಪ್ರಾಂಶುಪಾಲರು ಪರಿಶೀಲನಾ ತಂಡ ಬಂದಾಗ ಮಾತ್ರ ವಹಿ ಕೇಳುತ್ತಾರೆ. ಏನು ಮಾಡಲಿ?
(ಉತ್ತರ ಕರ್ನಾಟಕದ ಓದುಗರು)

ಉತ್ತರ: ಫೋಟೋ ತೆಗೆದವರೇ ಬೀಗವನ್ನೂ ಹಾಕಿರುತ್ತಾರೆ, ಅದರಲ್ಲಿ ಆಶ್ಚರ್ಯವೇನಿಲ್ಲ. ಜನ ಬರುವುದಿಲ್ಲ ಎಂದಿರಿ. ಕೇಂದ್ರ ಎರಡನೇ ಮಹಡಿಯಲ್ಲಿದೆಯೇ? ಗೇಟಿನಲ್ಲಿ ಕಾವಲುಗಾರ ‘ಯಾರು ಬೇಕು’ ಎಂದು ಗದರುತ್ತಾನೆಯೇ? ತೆರೆಯುವ ಸಮಯ ತರಗತಿಗಳ ನಡುವಿನ ಬಿಡುವೇ, ಸಂತೆಯ ದಿನವೇ? ಪರೀಕ್ಷೆಯ ತಿಂಗಳಲ್ಲಿ ಮುಚ್ಚುತ್ತೀರಾ? ಒಮ್ಮೆ ಬೀಗ ನೋಡಿಕೊಂಡು ಹಿಂದಿರುಗಿದವರು ಮತ್ತೆ ಬರುವುದಿಲ್ಲ, ಅಷ್ಟೇ ಅಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಹೇಳುತ್ತಾರೆ. ವಾರಕ್ಕೆ ಒಂದೇ ಮಧ್ಯಾಹ್ನವಾದರೂ ಸರಿ, ಮಳೆ ಬರಲಿ ಪರೀಕ್ಷೆ ಇರಲಿ, ತೆರೆದಿರಬೇಕು. ರಜೆಯಲ್ಲಿ ಕಿರಿಯ ತಂಡಕ್ಕೆ ಕಡತ ಒಪ್ಪಿಸುವ ಕ್ರಮವಿರಬೇಕು. ಬ್ಯಾಚು ಮುಗಿದ ಕೂಡಲೇ ಅರ್ಧಕ್ಕೆ ನಿಂತ ಅರ್ಜಿಗಳು ಅನಾಥವಾಗುವುದು ಈ ಕೇಂದ್ರಗಳ ಹಳೆಯ ರೋಗ.

ನೀವು ಪೂರ್ಣಾವಧಿ ಅಧ್ಯಾಪಕರಾದರೆ ಸಾಮಾನ್ಯವಾಗಿ ವಕೀಲಿಕೆ ನಡೆಸುವಂತಿಲ್ಲ. ಅಂದಮೇಲೆ ನಿಮ್ಮ ಮೇಲ್ವಿಚಾರಣೆಯೊಂದರಿಂದಲೇ ಆಗದು, ವೃತ್ತಿನಿರತ ವಕೀಲರ ಸಹಿಯೂ ಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಯವರನ್ನು ಕಂಡು ಕೇಂದ್ರದ ದಿನಕ್ಕೆ ಪ್ಯಾನಲ್ ವಕೀಲರನ್ನು ನಿಯೋಜಿಸಿಕೊಡುವಂತೆ ಲಿಖಿತವಾಗಿ ಕೇಳಿ.

ಶಿಬಿರ ಮಾಡಿ ಭಾಷಣ ಬಿಗಿಯುವುದನ್ನು ಕಡಿಮೆ ಮಾಡಿ. ಮೂಲಭೂತ ಹಕ್ಕುಗಳ ಬಗ್ಗೆ ಮುಕ್ಕಾಲು ಗಂಟೆ ಕೇಳಿದವರಿಗೆ ಬೇಕಾಗಿದ್ದದ್ದು ಪಿಂಚಣಿ ಯಾಕೆ ನಿಂತಿತು ಎಂಬ ಉತ್ತರ. ವಹಿಯಲ್ಲಿ ‘ಸಲಹೆ ನೀಡಲಾಯಿತು’ ಎಂದು ಬರೆದು ಮುಗಿಸುವ ಬದಲು ಇನ್ನೊಂದು ಅಂಕಣ ಹಾಕಿ: ಆಮೇಲೆ ಏನಾಯಿತು? ತಿಂಗಳ ನಂತರ ಫೋನ್ ಮಾಡಿ ತುಂಬಿಸಬೇಕಾದ ಅಂಕಣವದು. ಪ್ರಾಂಶುಪಾಲರು ಅದನ್ನು ಓದದಿದ್ದರೂ ನಿಮ್ಮ ವಿದ್ಯಾರ್ಥಿಗಳು ಕಲಿಯುವುದು ಅದರಿಂದಲೇ.

ಪ್ರಶ್ನೆ: ಕಳ್ಳತನದ ಪ್ರಕರಣದಲ್ಲಿ ನನ್ನ ತಮ್ಮ ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿದ್ದಾನೆ. ಹಿಂದೆ ಯಾವ ಪ್ರಕರಣವೂ ಇಲ್ಲ. ನೇಮಿಸಿಕೊಟ್ಟ ಉಚಿತ ವಕೀಲರು ‘ಖರ್ಚಿಗೆ’ ಎಂದು ಹಣ ಕೇಳುತ್ತಿದ್ದಾರೆ. ಲಾ ಕಾಲೇಜಿನ ವಿದ್ಯಾರ್ಥಿಗಳು ಜಾಮೀನು ಕೊಡಿಸಬಲ್ಲರೇ?
(ಕಲಬುರಗಿ ಜಿಲ್ಲೆಯ ಓದುಗರು)

ಉತ್ತರ: ಜಾಮೀನು ಅರ್ಜಿಯನ್ನು ಅವರು ಹಾಕಲಾರರು. ಆದರೆ ಎರಡು ಕೆಲಸ ಅವರಿಂದ ಆಗುತ್ತದೆ.

ಮೊದಲನೆಯದು ಲೆಕ್ಕ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವರು ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲವನ್ನು ಜೈಲಿನಲ್ಲೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹರು. ಇತರರಿಗೆ ಅರ್ಧದಷ್ಟು ಕಾಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸದು, ಒಂದಕ್ಕಿಂತ ಹೆಚ್ಚು ಪ್ರಕರಣಗಳು ಬಾಕಿಯಿದ್ದರೂ ಇಲ್ಲ. ಆ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಕೊಡುವ ಹೊಣೆ ಜೈಲು ಸೂಪರಿಂಟೆಂಡೆಂಟರದು. ಅವಧಿ ಎಂದು ತುಂಬುತ್ತದೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ, ಮೇಲ್ವಿಚಾರಕರಿಂದ ಪರಿಶೀಲಿಸಿಕೊಟ್ಟರೆ ನೀವು ಸೂಪರಿಂಟೆಂಡೆಂಟರಿಗೆ ನೆನಪಿಸಿ ಪತ್ರ ಬರೆಯಬಹುದು. ಹಾಗೆಂದು ಆ ದಿನದವರೆಗೆ ಕಾಯಬೇಕಿಲ್ಲ. ಸಾಮಾನ್ಯ ಜಾಮೀನು ಅರ್ಜಿಯನ್ನು ವಕೀಲರು ಈಗಲೇ ಹಾಕಬಹುದು.

ಎರಡನೆಯದು ದೂರು. ಕಾನೂನು ನೆರವಿನ ವಕೀಲರಿಗೆ ಪ್ರಾಧಿಕಾರವೇ ಶುಲ್ಕ ಕೊಡುತ್ತದೆ; ಕಕ್ಷಿದಾರರಿಂದಾಗಲಿ ಮನೆಯವರಿಂದಾಗಲಿ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ದೂರು ಕೊಟ್ಟು ಬೇರೆ ವಕೀಲರನ್ನು ಕೇಳಿ. ಯಾವ ದಿನ, ಎಲ್ಲಿ, ಎಷ್ಟು ಕೇಳಿದರು ಎಂಬುದನ್ನು ವಿದ್ಯಾರ್ಥಿಗಳು ನಿಮ್ಮಿಂದ ಕೇಳಿ ಬರೆದುಕೊಡಲಿ, ನೀವು ಓದಿಸಿ ಕೇಳಿದ ಮೇಲೆ ಸಹಿ ಹಾಕಿ, ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಹೋಗುವಾಗ ಎಫ್‌ಐಆರ್ ಸಂಖ್ಯೆ, ಪೊಲೀಸ್ ಠಾಣೆ, ಹಾಕಿರುವ ಸೆಕ್ಷನ್‌ಗಳು, ಬಂಧನದ ತಾರೀಖು, ಮುಂದಿನ ವಿಚಾರಣೆಯ ತಾರೀಖು ಇವನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ಅಷ್ಟು ದೂರ ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ, ಕರೆ ಮಾಡಿದ ದಿನವನ್ನೂ ಅದೇ ಹಾಳೆಯಲ್ಲಿ ಬರೆದಿಡಿ.